ತಿರುವಿನ ಮೇಲಿನ ಅಗ್ಗದ ರೂಮು

ರಜೆ ಕೊಟ್ಟ ದಿನ ಡಿಪೋ ಮ್ಯಾನೇಜರು ನಕ್ಕಿದ್ದ. ಹಾರ್ನಕ್ಕನಿಗೆ ಅಲ್ಲೇ ಅನುಮಾನ ಬರಬೇಕಿತ್ತು.

ಆ ಮನುಷ್ಯ ನಗುವ ಪೈಕಿಯೇ ಅಲ್ಲ. ಟೈರು ಸಿಡಿದ ಸುದ್ದಿ ಬಂದರೂ, ಮೆಕ್ಯಾನಿಕ್ಕನಿಗೆ ಅವಳಿ ಮಕ್ಕಳು ಹುಟ್ಟಿದ ಸುದ್ದಿ ಬಂದರೂ ಅವನದು ಒಂದೇ ಮುಖ, ಹರಳೆಣ್ಣೆ ಕುಡಿದ ಮುಖ. ಅಂಥವನು ಅವತ್ತು ಕುರ್ಚಿಯಿಂದ ಅರ್ಧ ಎದ್ದು ಹಲ್ಲು ಬಿಟ್ಟ.

“ಶನಿವಾರ, ಭಾನುವಾರ, ಎರಡೂನಾ? ತಗೋಮ್ಮ, ತಗೋ. ಎಷ್ಟು ವರ್ಷದಿಂದ ದುಡೀತಿದ್ದೀಯ ಪಾಪ! ಎಲ್ಲಿಗೆ ಹೋಗ್ತಿದ್ದೀಯ?”

“ನಮ್ಮ ರೂಟಿಗೇ ಸಾರ್. ಕಡಲ ಕಡೆಗೆ. ನಾನೂ ನನ್ ತಂಗೀನೂ.”

“ಉಳ್ಕೊಳ್ಳೋದು?”

“ಇನ್ನೂ ರೂಮ್ ಹುಡುಕ್ಬೇಕು.”

“ಸಿಕ್ಕಿದ್ಮೇಲೆ ನಂಗೂ ಹೇಳು. ಅಗ್ಗದ್ದಾದ್ರೆ ನಾವೂ ಒಂದ್ಸಲ ಹೋಗಿ ಬರೋಣ.”

ಪಾಪದವಳು, ಅದನ್ನು ಪ್ರೀತಿ ಅಂದುಕೊಂಡಳು.

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿಲ್ಲ. ಡಿಪೋದಲ್ಲೂ ರೂಟಿನಲ್ಲೂ ಅವಳು ಹಾರ್ನಕ್ಕ. ಕಡಲ ದಾರಿಯಲ್ಲಿ ಒಂದು ಕೆಟ್ಟ ತಿರುವಿದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಎದುರಿಗೆ ಬರುವವನು ಮೂಗಿಗೆ ಮೂಗು ತಾಗುವ ತನಕ ಕಾಣುವುದಿಲ್ಲ. ಅವಳು ಆ ರೂಟು ಹಿಡಿದ ಮೊದಲ ವಾರ ಅಲ್ಲೊಬ್ಬ ಸೈಕಲ್ಲಿನವನು ಬಸ್ಸಿನ ಕೆಳಗೆ ಹೋಗುವುದು ಕೂದಲೆಳೆಯಲ್ಲಿ ತಪ್ಪಿತ್ತು. ಅಂದಿನಿಂದ ಆ ತಿರುವು ಬಂತೆಂದರೆ ಸಾಕು, ಅವಳ ಅಂಗೈ ಹಾರ್ನಿನ ಮೇಲೆ ಕೂರುತ್ತದೆ, ತಿರುವು ಮುಗಿದ ಮೇಲೇ ಏಳುತ್ತದೆ. ಕಡಲಿನ ಮೀನುಗಳೂ ದಾರಿ ಬಿಡಬೇಕು, ಅಂಥ ಹಾರ್ನು.

ಡ್ರೈವರ್ ಕೆಲಸವನ್ನು ಅವಳಿಗೆ ಯಾರೂ ತಟ್ಟೆಯಲ್ಲಿಟ್ಟು ಕೊಟ್ಟಿರಲಿಲ್ಲ. ಮೊದಲು ಅದೇ ಡಿಪೋದಲ್ಲಿ ಬಸ್ ತೊಳೆಯುತ್ತಿದ್ದಳು. ತೊಳೆದ ಬಸ್ಸನ್ನು ಮುಂದಕ್ಕೆ ನಿಲ್ಲಿಸಿ ಕೊಡಿ ಎಂದು ಡ್ರೈವರುಗಳ ಹಿಂದೆ ಅಲೆದು ಅಲೆದು ಸಾಕಾಗಿ, ಒಂದು ದಿನ ತಾನೇ ಹತ್ತಿ ಸ್ಟಾರ್ಟ್ ಮಾಡಿದಳು. ಬಸ್ಸು ಮುಂದೆ ಹೋಗುವ ಬದಲು ಹಿಂದೆ ಹೋಗಿ ಆಗಿನ ಮ್ಯಾನೇಜರನ ಸೈಕಲ್ಲನ್ನು ಚಪ್ಪಟೆ ಮಾಡಿತು. ಹೊಟ್ಟೆ ತುಂಬ ಬೈಸಿಕೊಂಡಳು, ದಂಡ ಕಟ್ಟಿದಳು. ಆದರೆ ಕಲಿಯುವುದನ್ನು ಬಿಡಲಿಲ್ಲ. ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿದ್ದು ಆ ಸ್ಟೇರಿಂಗೇ. ತಂಗಿ ಈಗ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಇಬ್ಬರೂ ಮದುವೆಯ ಗೊಡವೆಗೆ ಹೋಗದೆ ಒಂದೇ ಮನೆಯಲ್ಲಿದ್ದಾರೆ. ಒಬ್ಬಳಿಗೆ ಕೂತು ಕೂತು ಸೊಂಟ ಹೋಗಿದೆ, ಇನ್ನೊಬ್ಬಳಿಗೆ ನಿಂತು ನಿಂತು ಕಾಲು ಹೋಗಿದೆ. ಸಂಜೆ ಇಬ್ಬರೂ ಸೇರಿ ಜಗತ್ತನ್ನು ಬೈದರೇನೇ ಗಂಟಲಲ್ಲಿ ಅನ್ನ ಇಳಿಯುವುದು.

ಇನ್ನು ವೈನಿನ ಸಂಗತಿ. ಆ ಕಡಲ ದಂಡೆಯ ಗುಡ್ಡಗಳ ತುಂಬ ದ್ರಾಕ್ಷಿ ತೋಟ. ತೋಟಕ್ಕೊಂದು ವೈನಿನ ಮನೆ. ಶನಿವಾರ, ಭಾನುವಾರ ಬಂತೆಂದರೆ ನಗರದ ಜನ ವೈನ್ ರುಚಿ ನೋಡಲು ದಂಡು ಕಟ್ಟಿಕೊಂಡು ಬರುತ್ತಾರೆ. ಕುಡಿದು ಕಾರು ಓಡಿಸುವ ಹಾಗಿಲ್ಲವಲ್ಲ, ಅದಕ್ಕೇ ಬುದ್ಧಿಯಿದ್ದವರು ಹಾರ್ನಕ್ಕನ ಬಸ್ಸು ಹತ್ತುತ್ತಾರೆ. ಹೋಗುವಾಗ ಪಿಸುಗುಟ್ಟುತ್ತಾ ಹೋಗುತ್ತಾರೆ, ಬರುವಾಗ ಹಾಡುತ್ತಾ ಬರುತ್ತಾರೆ. “ಮೊದ್ಲು ಒಗರು, ಆಮೇಲೆ ನಾಲಿಗೆ ತುದೀಲಿ ಸಿಹಿ, ಅಬ್ಬಾ!” ಎನ್ನುತ್ತಾರೆ. ಒಬ್ಬಿಬ್ಬರು ಸೀಟಿನ ಮೇಲೇ ವಾಂತಿ ಮಾಡುತ್ತಾರೆ. ಅದನ್ನು ತೊಳೆಯುವವಳೂ ಅವಳೇ. ಹೀಗೆ ಇಷ್ಟು ವರ್ಷದಲ್ಲಿ ಆ ವೈನು ಅವಳ ಬಸ್ಸಿನ ನೆಲಕ್ಕೆ, ಸೀಟಿಗೆ, ಒರೆಸುವ ಬಟ್ಟೆಗೆಲ್ಲ ಸಿಕ್ಕಿದೆ. ಅವಳ ನಾಲಿಗೆಗೆ ಮಾತ್ರ ಸಿಕ್ಕಿಲ್ಲ. ಯಾಕೆಂದರೆ ಡಿಪೋ ಗೇಟಿನಲ್ಲಿ ದಿನಾ ಬೆಳಿಗ್ಗೆ ಒಂದು ಯಂತ್ರ ಬಾಯಿಗೆ ಹಿಡಿಯುತ್ತಾರೆ. “ಊದಮ್ಮ.” ಊದಬೇಕು. ಉಸಿರಿನಲ್ಲಿ ಒಂದು ಹನಿ ಸಾರಾಯಿ ಇದ್ದರೂ ಯಂತ್ರ ಕೂಗಿಕೊಳ್ಳುತ್ತದೆ, ಕೆಲಸಕ್ಕೆ ಕುತ್ತು. ನಾಳೆ ಡ್ಯೂಟಿ ಇಲ್ಲದ ದಿನ ಅಂತ ಅವಳಿಗೆ ಇದ್ದದ್ದೇ ಇಲ್ಲ.

ಹಾಗಾಗಿ ಎರಡು ದಿನ ಜೋಡಿ ರಜೆ ಸಿಕ್ಕಿದ್ದೇ ತಡ, ಅವಳು ತಂಗಿಗೆ ಹೇಳಿದಳು: “ನಡಿಯೇ. ಈ ಸಲ ನಾವು ಕುಡಿಯೋಣ, ಬೇರೆ ಯಾರಾದ್ರೂ ಓಡಿಸ್ಲಿ.”

“ಬಾಡಿಗೆಗೆ ಒಂದು ಕಾರು ತಗೊಳ್ಳೋಣ್ವಾ ಅಕ್ಕ?”

“ಯಾರು ಓಡಿಸ್ತಾರೆ? ನೀನಾ? ನಿಂಗೆ ಸೈಕಲ್ಲೇ ಬರಲ್ಲ. ರಜೇಲೂ ನಾನೇ ಸ್ಟೇರಿಂಗ್ ಹಿಡ್ಕೊಂಡು, ನೀನು ಕುಡಿಯೋದ್ನ ಕನ್ನಡೀಲಿ ನೋಡ್ಬೇಕಾ? ಅದಕ್ಕೆ ಡ್ಯೂಟಿಗೇ ಹೋಗ್ತೀನಿ ಬಿಡು, ಸಂಬಳನಾದ್ರೂ ಬರುತ್ತೆ.”

ಕಾರು ಬೇಡ ಎಂದು ತೀರ್ಮಾನವಾಯಿತು. ಆದರೆ ಕಾರಿಲ್ಲದ ಇಬ್ಬರು ಹೆಂಗಸರಿಗೆ, ಕೈಗೆಟುಕುವ ಬೆಲೆಗೆ, ಎರಡು ರಾತ್ರಿ ತಲೆ ಇಡಲು ಒಂದು ರೂಮು ಹುಡುಕಿ ನೋಡಿ. ಆಗ ಗೊತ್ತಾಗುತ್ತದೆ ಈ ಲೋಕವನ್ನು ಯಾರಿಗೋಸ್ಕರ ಕಟ್ಟಿದ್ದಾರೆ ಅಂತ.

ಮೊದಲು ಗುಡ್ಡದ ಮೇಲಿನ ಹೋಟೆಲಿಗೆ ಫೋನು. ಅತ್ತ ಕಡೆ ಬೆಣ್ಣೆಯಂಥ ಧ್ವನಿ.

“ನಿಮ್ಮ ಕಾರಿನ ನಂಬರ್ ಹೇಳಿ ಮೇಡಮ್.”

“ಕಾರಿಲ್ಲ.”

“ಹಾಗಾದ್ರೆ ಹೇಗೆ ಬರ್ತೀರಾ?”

“ಬಸ್ಸಲ್ಲಿ.”

“ಸಾರಿ ಮೇಡಮ್, ನಮ್ಮ ಹೋಟೆಲ್ ಹತ್ರ ಬಸ್ ಬರಲ್ಲ.”

ಹಾರ್ನಕ್ಕನ ಪಿತ್ತ ನೆತ್ತಿಗೇರಿತು. “ಬರಲ್ವಾ? ಅಲ್ಲಮ್ಮ, ನಿಮ್ಮ ಗೇಟಿನ ಮುಂದೆ ದಿನಾ ನಾನೇ ತಂದು ನಿಲ್ಲಿಸ್ತೀನಿ! ನಿಮ್ಮ ಅಡುಗೆಯೋರು, ನೆಲ ಒರೆಸೋರು ಎಲ್ಲಾ ಅಲ್ಲೇ ಇಳೀತಾರೆ. ಅವರೇನು ಹಾರ್ಕೊಂಡು ಬರ್ತಾರೆ ಅಂದ್ಕೊಂಡ್ಯಾ?”

ಬೆಣ್ಣೆಯ ಧ್ವನಿ ಸ್ವಲ್ಪವೂ ಕರಗಲಿಲ್ಲ. “ಕಾರಿನ ನಂಬರ್ ಇಲ್ದೆ ಬುಕಿಂಗ್ ಆಗಲ್ಲ ಮೇಡಮ್.”

ಎರಡನೆಯದು ಒಂದು ದ್ರಾಕ್ಷಿ ತೋಟದವರದೇ ಅತಿಥಿಗೃಹ. ಅಲ್ಲಿ ರೂಮು, ವೈನು, ಕರೆದೊಯ್ಯಲು ಡ್ರೈವರು, ಎಲ್ಲ ಸೇರಿ ಒಂದೇ ದರ. ದರ ಕೇಳಿ ತಂಗಿ ಫೋನನ್ನು ಕಿವಿಯಿಂದ ದೂರ ಹಿಡಿದಳು. ಅಷ್ಟು ಹಣದಲ್ಲಿ ಅವರ ಮನೆಯ ಚಾವಣಿಯ ಸೋರಿಕೆ ನಿಲ್ಲುತ್ತಿತ್ತು. ಡ್ರೈವರು ಬೇಡ, ಅಷ್ಟನ್ನು ಕಡಿಮೆ ಮಾಡಿ ಎಂದರೆ, “ಡ್ರೈವರ್ ಬಿಟ್ಟು ಕೊಡಕ್ಕಾಗಲ್ಲ, ಅವನು ಪ್ಯಾಕೇಜಲ್ಲೇ ಇದ್ದಾನೆ” ಎಂದರಂತೆ.

“ನೋಡಿದ್ಯಾ?” ಎಂದಳು ಹಾರ್ನಕ್ಕ. “ಅವನಿಗೂ ನಂಗೂ ಒಂದೇ ಗತಿ. ಬುಟ್ಟೀಲಿ ಹಾಕಿ ಮಾರ್ತಾರೆ.”

ಮೂರನೆಯದು ಹುಡುಗ ಹುಡುಗಿಯರು ಉಳಿಯುವ ಜಾಗ. ಅಗ್ಗವೇನೋ ಹೌದು. ಆದರೆ ಒಂದರ ಮೇಲೊಂದು ಮೂರು ಮಂಚ, ಖಾಲಿ ಇದ್ದದ್ದು ಎಲ್ಲಕ್ಕಿಂತ ಮೇಲಿನದು. ಸೊಂಟ ಹೋದವಳು ಹತ್ತಬೇಕೋ, ಕಾಲು ಹೋದವಳು ಹತ್ತಬೇಕೋ? ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗು ಬರಬೇಕಾದ ಜಾಗದಲ್ಲಿ ಹಾರ್ನಕ್ಕನಿಗೆ ಸಿಟ್ಟೇ ಬಂತು. ಇಷ್ಟು ವರ್ಷ ಊರ ಜನವನ್ನೆಲ್ಲ ಆ ದಂಡೆಗೆ ಸಾಗಿಸಿದವಳು ತಾನು. ತನಗೆ ಮಾತ್ರ ಅಲ್ಲಿ ಕಾಲು ಚಾಚಲು ಜಾಗವಿಲ್ಲವೇ?

ಆಗ ಅವಳಿಗೆ ನೆನಪಾಯಿತು, ಆ ಕೆಟ್ಟ ತಿರುವಿನ ಮೇಲೆ ಒಂದು ನೀಲಿ ಗೋಡೆಯ ಮನೆ. ಡ್ರೈವರ್ ಸೀಟಿನ ಎತ್ತರಕ್ಕೆ ಸರಿಯಾಗಿ ಅದರ ಮಹಡಿಯ ಕಿಟಕಿ, ಕಿಟಕಿಯ ಕೆಳಗೆ ‘ರೂಮ್ ಇದೆ’ ಎಂಬ ಹಲಗೆ, ಹಲಗೆಯ ಮೇಲೆ ಫೋನ್ ನಂಬರು. ದಿನಾ ಕಂಡು ಕಂಡು ನಂಬರು ಬಾಯಿಪಾಠವಾಗಿತ್ತು.

“ಕಾರಿದೆಯಾ?” ಎಂದಿತು ಅತ್ತ ಕಡೆಯ ಒರಟು ಹೆಣ್ಣು ಧ್ವನಿ.

“ಇಲ್ಲಮ್ಮ.”

“ಒಳ್ಳೇದಾಯ್ತು. ನಿಲ್ಸೋಕೆ ಜಾಗಾನೇ ಇಲ್ಲ.”

ದರ ಕೇಳಿದಳು. ನಂಬಲಾಗಲಿಲ್ಲ. ಮತ್ತೊಮ್ಮೆ ಕೇಳಿದಳು. “ಇಷ್ಟು ಕಮ್ಮಿ ಯಾಕಮ್ಮ? ದೆವ್ವ ಗಿವ್ವ ಇದೆಯಾ?”

“ಬಂದ್ಮೇಲೆ ಗೊತ್ತಾಗುತ್ತೆ ಬಿಡಿ. ಬೇಕಾ, ಬೇಡ್ವಾ?”

ಬೇಕು. ಹಾರ್ನಕ್ಕ ಮಾರನೆಯ ದಿನ ಡ್ಯೂಟಿಗೆ ಹೋದಾಗ ಹಿಗ್ಗಿನಿಂದ ಮ್ಯಾನೇಜರನಿಗೂ ಹೇಳಿದಳು, ತಿರುವಿನ ಮೇಲಿನ ನೀಲಿ ಮನೆ ಸಾರ್, ಕೆಳಗೆ ದೋಣಿಯ ಇಂಜಿನ್ ರಿಪೇರಿ ಅಂಗಡಿ ಇದೆಯಲ್ಲ, ಅದೇ. ಅವನು ಮತ್ತೆ ನಕ್ಕ. “ಭೇಷ್! ಬಸ್ ಶೆಡ್ಡಿಗೂ ಹತ್ರಾನೇ ಆಯ್ತಲ್ಲ.” ಶೆಡ್ಡು ರೂಟಿನ ಕೊನೆಯಲ್ಲಿ, ತಿರುವಿನಿಂದ ಒಂದು ಕೂಗಿನ ದೂರದಲ್ಲಿದೆ. ಶನಿವಾರ ರಾತ್ರಿ ಬಸ್ಸು ತಂಗುವುದು ಅಲ್ಲೇ. ಶೆಡ್ಡು ಹತ್ತಿರವಾದರೆ ರಜೆಯಲ್ಲಿರುವವಳಿಗೆ ಏನು ಲಾಭ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಶನಿವಾರ ಚಪ್ಪಲಿ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಬಸ್ ಹತ್ತಿದರು. ಹಾರ್ನಕ್ಕನ ಜಾಗದಲ್ಲಿ ಒಬ್ಬ ಬದಲಿ ಡ್ರೈವರ್, ಹೊಸಬ. ಅವಳಿಗೆ ಪ್ರಯಾಣಿಕರ ಸೀಟಿನಲ್ಲಿ ಕೂತು ಅಭ್ಯಾಸವೇ ಇಲ್ಲ. ದಾರಿಯುದ್ದಕ್ಕೂ ಬಲಗಾಲಿನಿಂದ ನೆಲವನ್ನು ಒತ್ತುತ್ತಲೇ ಇದ್ದಳು.

“ಅಕ್ಕ, ಕಾಲು ಸುಮ್ನಿಡು. ಅಲ್ಲಿ ಬ್ರೇಕಿಲ್ಲ.”

“ಅವನ ಹತ್ರಾನೂ ಇಲ್ಲ ಕಣೇ, ನೋಡು ಹೆಂಗೋಗ್ತಿದ್ದಾನೆ!”

ತಿರುವಿನಲ್ಲಿ ಆ ಹೊಸಬ ಹಾರ್ನನ್ನು ಮುಟ್ಟಲೂ ಇಲ್ಲ. ಹಾರ್ನಕ್ಕ ಎದುರಿನ ಸೀಟಿನ ಕಂಬಿಯನ್ನು ಹಿಡಿದು ಕಣ್ಣು ಮುಚ್ಚಿದಳು. ಇಳಿಯುವಾಗ, “ಅಲ್ಲಪ್ಪ, ಆ ಕೈಗೆ ಏನಾಗಿದೆ, ಲಕ್ವ ಹೊಡೆದಿದೆಯಾ?” ಎಂದು ಬೈದೇ ಇಳಿದಳು.

ನೀಲಿ ಮನೆ ಕೆಳಗಿನಿಂದ ನೋಡಿದರೆ ಬೇರೆಯೇ. ಡ್ರೈವರ್ ಸೀಟಿನಿಂದ ಕಂಡ ನೀಲಿ ಬಣ್ಣ ಅರ್ಧಕ್ಕೇ ನಿಂತಿತ್ತು, ಕೆಳಗೆಲ್ಲ ಎಣ್ಣೆ, ಮಸಿ. ಬಾಗಿಲು ಮೆಟ್ಟಿಲಿನ ಅಡಿಯಲ್ಲಿ. ರೂಮಿನಲ್ಲಿ ಎರಡು ಕಬ್ಬಿಣದ ಮಂಚ, ಒಗೆದು ಗಂಜಿ ಹಾಕಿದ ಹೊದಿಕೆ, ಡೀಸೆಲ್ ವಾಸನೆ. ಕಿಟಕಿಯಲ್ಲಿ ಓರೆಯಾಗಿ ಕಡಲು. ತಂಗಿ ಮಂಚದ ಮೇಲೆ ಬಿದ್ದುಕೊಂಡು, “ಅಯ್ಯೋ, ಸ್ವರ್ಗ” ಎಂದಳು.

ಮನೆಯೊಡತಿ, ರಿಪೇರಿಯವನ ಹೆಂಡತಿ, ನೀರಿನ ಜಗ್ಗು ಇಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡಳು. “ಈಗ್ಲೇ ಹೇಳಿಬಿಡ್ತೀನಿ, ಆಮೇಲೆ ನನ್ನ ಬೈಬೇಡಿ. ರೂಮು ಯಾಕೆ ಅಗ್ಗ ಅಂದ್ರೆ, ಬೆಳಿಗ್ಗೆ ಬೆಳಕು ಹರಿಯೋ ಮುಂಚೆ ಒಂದು ಬಸ್ ಬರುತ್ತೆ. ಅದ್ನ ಓಡಿಸೋಳು ಒಬ್ಬಳು ಇದ್ದಾಳೆ, ಮಾರಿ. ಸರಿಯಾಗಿ ಈ ಕಿಟಕಿ ಹತ್ರ ಬಂದು ಹಾರ್ನ್ ಒತ್ತಿದ್ರೆ, ಬಿಡೋ ಮಾತೇ ಇಲ್ಲ. ಬಂದೋರೆಲ್ಲ ಮಾರನೇ ದಿನವೇ ಗಂಟು ಕಟ್ತಾರೆ. ನಮ್ಮ ವ್ಯಾಪಾರಾನೇ ಹಾಳು ಮಾಡಿದ್ಲು, ಅವಳ ಕೈ ಸೇದಿ ಹೋಗ!”

ತಂಗಿ ದಿಂಬಿನಲ್ಲಿ ಮುಖ ಹುದುಗಿಸಿದಳು. ಅವಳ ಬೆನ್ನು ಕುಲುಕುತ್ತಿತ್ತು. ಹಾರ್ನಕ್ಕ ಕಿಟಕಿಯ ಕಡೆ ತಿರುಗಿ ಕಡಲನ್ನೇ ಬಹಳ ಆಸಕ್ತಿಯಿಂದ ನೋಡಿದಳು. ಆದರೂ ನಾಲಿಗೆ ತಡೆಯಬೇಕಲ್ಲ.

“ಅಲ್ಲಮ್ಮ, ಹೊಡೀದಿದ್ರೆ ಆ ತಿರುವಲ್ಲಿ ಯಾರಾದ್ರೂ ಸಾಯ್ತಾರಲ್ವಾ?”

“ಈಗ ನಿದ್ದೆಗೆಟ್ಟು ನಾನು ಸಾಯ್ತಿಲ್ವಾ? ಅವಳ ಪರ ಮಾತಾಡ್ಬೇಡಿ. ಬೆಳಿಗ್ಗೆ ಕೇಳಿ, ನೀವೇ ಬೈತೀರಾ.”

ಭಾನುವಾರ ಬೆಳಿಗ್ಗೆ ಹಾರ್ನಕ್ಕನಿಗೆ ಅಭ್ಯಾಸಬಲದಿಂದ ಎಚ್ಚರವಾಯಿತು. ಎದ್ದು ಅರ್ಧ ಕೂತವಳು, ಇವತ್ತು ಊದುವ ಯಂತ್ರವಿಲ್ಲ ಎಂದು ನೆನಪಾಗಿ ಮತ್ತೆ ಒರಗಿದಳು. ಅವರ ಲೆಕ್ಕ ಹೀಗಿತ್ತು: ಬೆಳಗಿನ ಬಸ್ಸು ಹೋಗಿಬಿಡಲಿ, ಅದು ತಿರುಗಿ ಬಂದು ಹೊರಡುವಾಗ ಹತ್ತಿ ಹಳೇ ಬಾವಿ ಎಂಬ ದ್ರಾಕ್ಷಿ ತೋಟದ ಸ್ಟಾಪಿನಲ್ಲಿ ಇಳಿಯುವುದು. ಇಡೀ ಹಗಲು ಅಲ್ಲಿ ರುಚಿ ನೋಡುವುದು. ಸಂಜೆ ಅದೇ ಬಸ್ಸಿನಲ್ಲಿ ಹಾಡುತ್ತಾ ವಾಪಸ್ಸು. ಸೋಮವಾರ ಅವಳದು ಮಧ್ಯಾಹ್ನದ ಪಾಳಿ, ಊದುವ ಹೊತ್ತಿಗೆ ಎಲ್ಲ ಇಳಿದಿರುತ್ತದೆ. ಹಾಡಬೇಕಾದ ಹಾಡನ್ನೂ ತಂಗಿ ಆರಿಸಿ ಇಟ್ಟಿದ್ದಳು.

ಬೆಳಕು ಹರಿಯಿತು. ಬಸ್ಸಿನ ಸದ್ದಿಲ್ಲ. ಕಡಲು ಮಾತ್ರ ಉಸ್ ಉಸ್ ಎನ್ನುತ್ತಿತ್ತು. ಬಿಸಿಲು ಕಿಟಕಿಯಿಂದ ಮಂಚದ ಕಾಲಿಗೆ ಇಳಿಯಿತು. ಆಗಲೂ ಇಲ್ಲ. ಹಾರ್ನಕ್ಕ ಎದ್ದು ಕಿಟಕಿಯಿಂದ ರಸ್ತೆಗೆ ಇಣುಕಿದಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮನೆಯೊಡತಿ. ಕೆದರಿದ ಕೂದಲು, ಕೈಯಲ್ಲಿ ಕೆಂಪು ದಾರ ಕಟ್ಟಿದ ಒಂದು ಕೀಲಿಕೈ. ಆ ದಾರವನ್ನು ಕಟ್ಟಿದವಳು ಹಾರ್ನಕ್ಕನೇ.

“ಇದು ನಿಮಗಂತೆ,” ಎಂದಳು ಮನೆಯೊಡತಿ. ಅವಳ ಕಣ್ಣು ಕಿರಿದಾಗಿತ್ತು. “ನಿನ್ನೆ ಬಸ್ ತಂದ ಹುಡುಗ ನಮ್ಮೋರ ಕೈಲಿ ಕೊಟ್ಟು, ಯಾವ್ದೋ ಲಾರಿ ಹತ್ತಿ ವಾಪಸ್ ಹೋದ್ನಂತೆ. ‘ನಾಳೆ ಮಹಡೀಲಿರೋ ಡ್ರೈವರಮ್ಮ ಓಡಿಸ್ತಾರೆ, ಮ್ಯಾನೇಜರ್ ಹೇಳಿದ್ದಾರೆ’ ಅಂದ್ನಂತೆ. ಏನಮ್ಮಾ, ಆ ಹಾರ್ನಿನವಳು ನೀನೇನಾ?”

ಹಾರ್ನಕ್ಕ ಉತ್ತರ ಕೊಡುವ ಮೊದಲೇ ಫೋನು ಬಡಿದುಕೊಂಡಿತು. ಮ್ಯಾನೇಜರು. ಅವಳು ಸ್ಪೀಕರಿಗೆ ಹಾಕಿದಳು.

“ಎದ್ದ್ಯಾಮ್ಮ? ರೂಮ್ ಚೆನ್ನಾಗಿದೆಯಾ? ಒಂದು ಚಿಕ್ಕ ಸಹಾಯ ಆಗ್ಬೇಕಿತ್ತು. ಇವತ್ತಿಗೆ ಬದಲಿ ಸಿಗಲಿಲ್ಲ ನೋಡು. ನೀನು ಹೇಗೂ ಅಲ್ಲೇ ಇದ್ದೀಯಲ್ಲ, ಒಂದೇ ಒಂದು ಟ್ರಿಪ್ ಹಾಕ್ಬಿಡು.”

ಒಂದೇ ಒಂದು ಟ್ರಿಪ್. ಆ ಮಾತು ಕಿವಿಗೆ ಬಿದ್ದದ್ದೇ ತಡ ಹಾರ್ನಕ್ಕನ ಮೈಯೆಲ್ಲ ಉರಿದುಹೋಯಿತು. ಹೋದ ವರ್ಷ ತಂಗಿಯ ಹೊಟ್ಟೆಯ ಆಪರೇಷನ್ನಿನ ದಿನವೂ ಇದೇ ಬಾಯಿ ಇದೇ ಮಾತು ಹೇಳಿತ್ತು. ಒಂದೇ ಒಂದು ಟ್ರಿಪ್ ಹಾಕಿ ಆಸ್ಪತ್ರೆಗೆ ಹೋಗು ಎಂದು. ಒಂದು ಹೋಗಿ ಎರಡಾಯಿತು, ಎರಡು ಹೋಗಿ ಸಂಜೆಯಾಯಿತು. ಅವಳು ಯೂನಿಫಾರಂನಲ್ಲೇ ಓಡಿಹೋದಾಗ ತಂಗಿಗೆ ಎಚ್ಚರ ಬಂದು, “ಅಕ್ಕ ಎಲ್ಲಿ, ಅಕ್ಕ ಎಲ್ಲಿ” ಎಂದು ಪಕ್ಕದ ಮಂಚದವರನ್ನು ಕೇಳಿ ಕೇಳಿ ಸುಮ್ಮನಾಗಿದ್ದಳು. ತಂಗಿ ಅದನ್ನು ಒಂದು ದಿನವೂ ಎತ್ತಿ ಆಡಿಲ್ಲ. ಅದೇ ಹಾರ್ನಕ್ಕನಿಗೆ ಮುಳ್ಳಿನ ಹಾಗೆ ಒಳಗೇ ಉಳಿದಿತ್ತು.

“ಸಾರ್, ನೀವು ಬದಲಿ ಹುಡುಕಲೇ ಇಲ್ಲ,” ಎಂದಳು. “ಎಲ್ಲಿ ಉಳ್ಕೋತೀಯ ಅಂತ ಅದಕ್ಕೇ ಕೇಳಿದ್ರಿ.”

“ಛೆ ಛೆ! ಹೀಗೆಲ್ಲ ಅಪಾರ್ಥ ಮಾಡ್ಕೋಬಾರ್ದು. ಜನ ಕಾಯ್ತಿದ್ದಾರಮ್ಮ. ಮನುಷ್ಯತ್ವ ಅಂತ ಒಂದು ಇರುತ್ತಲ್ಲ?”

“ನಾನು ರಜೇಲಿದ್ದೀನಿ.”

“ರಜೆ ಕೊಟ್ಟೋನು ನಾನು. ವಾಪಸ್ ತಗೊಳ್ಳೋದೂ ಗೊತ್ತು.” ನಗು ಮಾಯವಾಗಿತ್ತು. ಹರಳೆಣ್ಣೆ ಫೋನಿನಲ್ಲೂ ಕಂಡಿತು. “ಓಡಿಸಲ್ಲ ಅಂದ್ರೆ ನಾಳೆಯಿಂದ ಬಸ್ ತೊಳ್ಯೋಕೆ ಹೋಗು. ಆ ಕೆಲಸ ನಿಂಗೆ ಮೊದ್ಲೇ ಬರುತ್ತಲ್ಲ.”

ಫೋನು ಕಟ್ಟಾಯಿತು.

ಹಾರ್ನಕ್ಕ ಕೀಲಿಕೈ ಹಿಡಿದು ಕೆಳಗಿಳಿದಳು, ಹಿಂದೆ ತಂಗಿ, ಅವಳ ಹಿಂದೆ ಮನೆಯೊಡತಿ. ಸ್ಟಾಪಿನಲ್ಲಿ ಜನ ತುಂಬಿದ್ದರು. ಆಸ್ಪತ್ರೆಗೆ ಹೊರಟ ನರ್ಸು, ಸಂತೆಗೆ ಹೊರಟ ತರಕಾರಿಯವರು, ರುಚಿ ನೋಡಲು ಬಂದ ನಾಲ್ಕಾರು ಜೋಡಿಗಳು. ಅವಳನ್ನು ಕಂಡದ್ದೇ ಒಂದು ಕೂಗು. “ಬಂದ್ಲಪ್ಪ ನಮ್ಮಕ್ಕ! ಏನಕ್ಕಾ, ನಿದ್ದೆ ಹೋಗ್ಬಿಟ್ಯಾ?”

ಅವಳು ಅಲ್ಲೇ ನಿಂತಳು. ತಮಾಷೆ ನೋಡಿ: ತೋಟಕ್ಕೆ ಹೋಗಬೇಕೆಂದರೆ ಅವಳಿಗೆ ಬಸ್ಸು ಬೇಕು. ಬಸ್ಸು ಹೊರಡಬೇಕೆಂದರೆ ಅವಳೇ ಓಡಿಸಬೇಕು. ಅವಳೇ ಓಡಿಸಿದರೆ ತೋಟದಲ್ಲಿ ಒಂದು ಹನಿಯನ್ನೂ ಮುಟ್ಟುವ ಹಾಗಿಲ್ಲ. ಎಲ್ಲ ಕಡೆಯಿಂದಲೂ ಬೇಲಿ ಹಾಕಿದ್ದ ಆ ಮನುಷ್ಯ, ಅದೂ ನಗುನಗುತ್ತಾ.

“ಅಕ್ಕ,” ಎಂದಳು ನರ್ಸು, ಮೆಲ್ಲಗೆ, “ನನ್ ಡ್ಯೂಟಿ ಇದೆ. ರಾತ್ರಿಯವಳು ನಾನು ಬರೋ ತನಕ ಕಾಯ್ತಿರ್ತಾಳೆ.”

ಈ ಮಾತು ಚುಚ್ಚಿತು. ಮ್ಯಾನೇಜರು ‘ಮನುಷ್ಯತ್ವ’ ಎಂದಾಗ ಬಾರದ ಸಂಕಟ ಈಗ ಬಂತು. ಹಾರ್ನಕ್ಕ ತಂಗಿಯ ಕಡೆ ನೋಡಿದಳು. ತಂಗಿ ಬ್ಯಾಗನ್ನು ಎದೆಗೆ ಒತ್ತಿಕೊಂಡು, “ಹೋಗ್ಲಿ ಬಿಡಕ್ಕ, ಓಡ್ಸು. ಮುಂದೆ ಯಾವಾಗಾದ್ರೂ ಬರೋಣ” ಎಂದಳು. ಆಸ್ಪತ್ರೆಯ ಮಂಚದಲ್ಲಿ ಸುಮ್ಮನಾದ ಅದೇ ಮುಖ.

ಆ ಮುಖವೇ ಹಾರ್ನಕ್ಕನ ತಾಳ್ಮೆಯ ಕಟ್ಟೆ ಒಡೆದದ್ದು.

“ಮುಂದೆ ಯಾವಾಗ್ಲೇ? ನಾನು ಸತ್ತ ಮೇಲಾ?” ಎಂದು ಸ್ಟಾಪೆಲ್ಲ ಕೇಳುವಂತೆ ಕೂಗಿದಳು. ಮನೆಯೊಡತಿಯ ಕಡೆ ತಿರುಗಿದಳು. “ಅಮ್ಮಾ, ಹೌದು, ನಾನೇ ಆ ಹಾರ್ನಿನವಳು. ಬೈಯೋದಿದ್ರೆ ಆಮೇಲೆ ಬೈಯಿ, ಕೇಳ್ತೀನಿ. ಈಗ ಹೇಳು, ನಿಮ್ಮ ಯಜಮಾನ್ರ ಗಾಡಿ ಈ ಹುಡುಗೀನ ಆಸ್ಪತ್ರೆಗೆ ಬಿಡುತ್ತಾ?”

ಮನೆಯೊಡತಿ ಅವಳನ್ನು ಮೇಲಿಂದ ಕೆಳಗೆ ಅಳೆದಳು. “ನಿನ್ನ ಜೊತೆ ನಂದು ಬೇರೆ ಜಗಳ ಇದೆ. ಅದು ಹಾಗೇ ಇರ್ಲಿ. ಆದ್ರೆ ಫೋನಲ್ಲಿ ಮಾತಾಡಿದ್ನಲ್ಲ ಆ ಗೂಬೆ, ಅವನು ನನ್ನ ಗಂಡನಾಗಿದ್ರೆ ಕಡಲಿಗೆ ತಳ್ಳಿ ಬರ್ತಿದ್ದೆ.” ಅಂಗಡಿಯ ಕಡೆ ತಿರುಗಿ ಗಂಡನನ್ನು ಕೂಗಿದಳು. ಎಣ್ಣೆ ಕೈಯ ಗಂಡ ಬಂದು ಪಿಕಪ್ ಗಾಡಿ ಹೊರತೆಗೆದ. ನರ್ಸು ಮುಂದೆ ಹತ್ತಿದಳು, ಇಬ್ಬರು ತರಕಾರಿಯವರು ಬುಟ್ಟಿ ಸಮೇತ ಹಿಂದೆ.

“ಇನ್ನೊಂದು ಕೇಳ್ಲಾ?” ಎಂದಳು ಹಾರ್ನಕ್ಕ. “ನಿಮ್ಮನೇಲಿ ವೈನ್ ಇದೆಯಾ?”

ಇತ್ತು. ತೋಟದವರು ಕೊಯ್ಯದೆ ಬಿಟ್ಟ ಗೊನೆಗಳಿಂದ ಮನೆಯೊಡತಿಯೇ ಮಾಡಿದ್ದು. ಲೋಟದ ತುಂಬ ತಂದುಕೊಟ್ಟಳು. ಹಾರ್ನಕ್ಕ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು, ಮತ್ತೆ ಮ್ಯಾನೇಜರನಿಗೆ ಫೋನು ಹಚ್ಚಿದಳು.

“ಸಾರ್, ಕೇಳಿಸ್ಕೊಳ್ಳಿ.” ಗಟಗಟ ಕುಡಿದಳು. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು. ಜೀವಮಾನದ ಮೊದಲ ವೈನು ಹುಳಿ ಹುಳಿ, ಒಗರು ಒಗರು. ನಾಲಿಗೆ ತುದಿಯ ಸಿಹಿ ಎಲ್ಲಿ ಹಾಳಾಗಿತ್ತೋ. “ಕೇಳಿಸ್ತಾ? ವೈನು. ತುಂಬಿದ ಲೋಟ. ಇಲ್ಲಿ ಇಷ್ಟು ಜನ ಸಾಕ್ಷಿ. ಯಂತ್ರ ತಗೊಂಡ್ಬನ್ನಿ, ಊದ್ತೀನಿ. ಕುಡಿದೋಳ ಕೈಗೆ ಬಸ್ ಕೊಟ್ಟ ಮ್ಯಾನೇಜರ್ ಅಂತ ಹೆಸರು ಬೇಕಿದ್ರೆ, ಈಗ್ಲೇ ಸ್ಟಾರ್ಟ್ ಮಾಡ್ತೀನಿ.”

“ಏಯ್, ಬುದ್ಧಿ ಇದೆಯಾ ನಿಂಗೆ? ಈಗ ಓಡಿಸೋರು ಯಾರು?” ಎಂದು ಅತ್ತ ಕಡೆಯಿಂದ ಕಿರುಚಾಟ.

“ನಿಮ್ಮ ಹತ್ರ ಲೈಸೆನ್ಸ್ ಇದೆ ಸಾರ್. ಹತ್ತು ವರ್ಷ ಬಸ್ ಓಡ್ಸಿದೋನು ಅಂತ ಮಾತೆತ್ತಿದ್ರೆ ಹೇಳ್ತೀರಲ್ಲ. ಬನ್ನಿ. ಜನ ಕಾಯ್ತಿದ್ದಾರೆ. ಮನುಷ್ಯತ್ವ ಅಂತ ಒಂದು ಇರುತ್ತಲ್ಲ?”

ಫೋನನ್ನು ಪಕ್ಕದ ತರಕಾರಿಯವಳ ಕೈಗೆ ಕೊಟ್ಟಳು. “ನೀವೂ ಎರಡು ಮಾತು ಹೇಳಿ.” ತರಕಾರಿಯವಳು ಎರಡಲ್ಲ, ಇಪ್ಪತ್ತು ಹೇಳಿದಳು. ಅವಳಿಂದ ಫೋನು ಇನ್ನೊಬ್ಬರಿಗೆ, ಅಲ್ಲಿಂದ ಮತ್ತೊಬ್ಬರಿಗೆ. ಬಾಡುವ ಸೊಪ್ಪಿನ ಸಿಟ್ಟು, ತಪ್ಪಿದ ಕೆಲಸದ ಸಿಟ್ಟು, ಎಲ್ಲವೂ ಆ ಪುಟ್ಟ ಫೋನಿನೊಳಗೆ ಸುರಿಯಿತು. ಜೋಡಿಯೊಂದರ ಗಂಡಸು, “ನಾವು ದೂರು ಕೊಡ್ತೀವಿ ರೀ” ಎಂದು ಇದ್ದಕ್ಕಿದ್ದಂತೆ ಗುಡುಗಿ, ಆಮೇಲೆ ಯಾರ ಮೇಲೆ ಎಂದು ಹೆಂಡತಿಯನ್ನು ಕೇಳಿದ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮ್ಯಾನೇಜರನ ಕಾರು ಬಂದು ನಿಂತಿತು. ನಿಲ್ಲಿಸಲು ಜಾಗವಿಲ್ಲದೆ, “ಅಲ್ಲಲ್ಲ, ನಮ್ಮ ಬಾಗಿಲಿಗೆ ಅಡ್ಡ ಹಾಕ್ಬೇಡಿ” ಎಂದು ಮನೆಯೊಡತಿ ಅವನನ್ನು ಮೂರು ಕಡೆ ಓಡಾಡಿಸಿದಳು. ಅವನು ಯಾರ ಮುಖವನ್ನೂ ನೋಡದೆ ಕೀಲಿಕೈಗಾಗಿ ಕೈಚಾಚಿದ.

“ನಾಳೆ ಆಫೀಸಿಗೆ ಬಾ,” ಎಂದ ಹಲ್ಲು ಕಚ್ಚಿ.

“ಬರ್ತೀನಿ. ಏನು ಮಾಡ್ತೀರೋ ಮಾಡಿ. ರಜೆ ಕೊಟ್ಟು ಕಸ್ಕೊಂಡಿದ್ದು ಹೆಂಗೆ ಅಂತ ಅಲ್ಲಿ ಎಲ್ಲರ ಮುಂದೆ ಕೇಳ್ತೀನಿ. ಇವತ್ತು ನಾನು ಪ್ಯಾಸೆಂಜರು. ಎರಡು ಟಿಕೆಟ್. ಚಿಲ್ಲರೆ ಇಲ್ಲ, ನೋಡಿ ಕೊಡಿ.”

ಅವನ ಹೊಟ್ಟೆಗೂ ಸ್ಟೇರಿಂಗಿಗೂ ನಡುವೆ ಬೆರಳು ತೂರಲು ಜಾಗವಿರಲಿಲ್ಲ. ಹಾರ್ನಕ್ಕ ಬೇಕೆಂದೇ ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತಳು. ಬಸ್ಸು ಎರಡು ಸಲ ಕೆಮ್ಮಿ ಹೊರಟಿತು. ತಿರುವು ಎದುರಾಯಿತು. ಅವನ ಕೈ ಹಾರ್ನಿನ ಹತ್ತಿರವೂ ಇರಲಿಲ್ಲ.

“ಹಾರ್ನ್!” ಎಂದು ಹಾರ್ನಕ್ಕ ಕಿರುಚಿದ ರಭಸಕ್ಕೆ ಅವನು ಬೆಚ್ಚಿ ಎರಡೂ ಕೈಯಿಂದ ಒತ್ತಿದ. ಬಂಡೆಗೆ ಬಡಿದು ಆ ಸದ್ದು ಕಡಲಿನ ತನಕ ಹೋಯಿತು. ಎದುರಿನಿಂದ ಬರುತ್ತಿದ್ದ ಪಿಕಪ್ಪು ಗಕ್ಕನೆ ನಿಂತು ಬದಿಗೆ ಸರಿಯಿತು. ನರ್ಸನ್ನು ಆಸ್ಪತ್ರೆಗೂ ತರಕಾರಿಯವರನ್ನು ಸಂತೆಗೂ ಬಿಟ್ಟು ವಾಪಸ್ಸಾಗುತ್ತಿದ್ದ ರಿಪೇರಿಯವನು. ಅಲ್ಲೇ ನೀಲಿ ಗೋಡೆಯ ಕಿಟಕಿ ಧಡಾರನೆ ತೆರೆಯಿತು. “ನಿನ್ನ ಕೈ ಸೇದಿ ಹೋಗ!” ಎಂದು ಮನೆಯೊಡತಿ ಬಾಯಿತುಂಬ ಬೈದಳು. ಈ ಸಲದ ಬೈಗುಳ ಸರಿಯಾದ ಜಾಗಕ್ಕೇ ಹೋಗಿ ಬಿತ್ತು. ಮರುಕ್ಷಣ, ಹಾರ್ನು ಕೇಳಿ ಬದಿಗೆ ಸರಿದು ಉಳಿದ ಗಂಡನ ಗಾಡಿ ಕಂಡು, ಮುಂದಿನ ಬೈಗುಳ ನುಂಗಿಕೊಂಡು ಕಿಟಕಿ ಎಳೆದುಕೊಂಡಳು.

ಹಾರ್ನಕ್ಕ ನಗಲಿಲ್ಲ. ಅವಳ ಕೋಪ ಅಷ್ಟು ಸುಲಭದಲ್ಲಿ ಇಳಿಯುವಂಥದ್ದಲ್ಲ. ಮೊಣಕಾಲಿನ ಮೇಲೆ ಮುಷ್ಟಿ ಕಟ್ಟಿಕೊಂಡೇ ಕೂತಿದ್ದಳು. ಬಸ್ಸು ಬಂಡೆ ದಾಟಿತು, ದ್ರಾಕ್ಷಿಯ ಸಾಲುಗಳು ಕಾಣಿಸಿಕೊಂಡವು. ತಂಗಿ ಮೊಣಕೈಯಿಂದ ತಿವಿದು ಮೇಲೆ ತೋರಿಸಿದಳು. ಕಿಟಕಿಯುದ್ದಕ್ಕೂ ಇಳಿಬಿದ್ದ ಬೆಲ್ಲಿನ ಹಗ್ಗ. ಇಷ್ಟು ವರ್ಷ ಅದರ ಸದ್ದಿಗೆ ಬ್ರೇಕ್ ಒತ್ತಿದವಳು, ಒಂದು ಸಲವೂ ಅದನ್ನು ಎಳೆದಿರಲಿಲ್ಲ.

ಹಾರ್ನಕ್ಕ ಎದ್ದು ನಿಂತು ಎಳೆದಳು. ಒಂದು ಸಲ ಸಾಕಿತ್ತು. ನಾಲ್ಕು ಸಲ ಎಳೆದಳು.

“ಕೇಳಿಸ್ತು, ಕೇಳಿಸ್ತು,” ಎಂದು ಗೊಣಗಿದ ಮ್ಯಾನೇಜರು.

“ಹಳೇ ಬಾವಿ ತೋಟ ಸಾರ್. ಗೇಟಿಗೆ ಸರಿಯಾಗಿ ನಿಲ್ಸಿ. ನನ್ ತಂಗಿಗೆ ಕಾಲು ನೋವು.”

ಅವನು ನಿಲ್ಲಿಸಿದ. ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿದ. ಹಾರ್ನಕ್ಕ ಜಾಗ ಬಿಟ್ಟು ಕದಲಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಕಾದರು. ಕೊನೆಗೆ ಅವನು ಗೇರು ಬದಲಿಸಿ, ಕುತ್ತಿಗೆ ಹಿಂದಕ್ಕೆ ತಿರುಗಿಸಿ, ಬಸ್ಸನ್ನು ಮೆಲ್ಲಗೆ ಹಿಂದಕ್ಕೆ ತಂದು ಗೇಟಿನ ಎದುರಿಗೆ ಸರಿಯಾಗಿ ನಿಲ್ಲಿಸಿದ ಮೇಲೆಯೇ ತಂಗಿಯ ಕೈಹಿಡಿದು ಇಳಿದಳು.

“ಸಂಜೆ ಲಾಸ್ಟ್ ಟ್ರಿಪ್ಪಿಗೆ ಇಲ್ಲೇ ನಿಂತಿರ್ತೀವಿ,” ಎಂದಳು ನೆಲದ ಮೇಲಿನಿಂದ, ತಲೆಯೆತ್ತಿ. “ತಪ್ಪಿಸ್ಬೇಡಿ.”